ನಿಕ್ಷೇಪವೋ ಮೂಲಧನವೋ: ಕಿಟ್ಟೆಲ್ ಪಂಡಿತರ ಬಾಳಿನ ಲೆಕ್ಕ

ಒಬ್ಬನು ತನ್ನ ದ್ರವ್ಯವನ್ನು ಮತ್ತೊಬ್ಬನ ಕೈಯಲ್ಲಿ ನಂಬಿಕೆಯಿಂದ ಇಟ್ಟು ಊರು ಬಿಟ್ಟು ಹೋದರೆ, ಹಾಗೆ ಇಟ್ಟ ದ್ರವ್ಯಕ್ಕೆ ನಮ್ಮ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದು ಹೆಸರಿಟ್ಟಿರುವರು. ಒಳಗೇನಿದೆಯೆಂಬುದನ್ನು ತಿಳಿಸದೆ ಕಟ್ಟಿ ಕೊಟ್ಟ ಗಂಟಾದರೆ ಅದು ಉಪನಿಧಿಯೆನಿಸುವುದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಇದರ ವಿಧಿಗಳನ್ನು ಕಾಣಬಹುದು. ಅವುಗಳ ಸಾರವಿಷ್ಟೆ: ಇಟ್ಟುದನ್ನು ಇಟ್ಟ ಹಾಗೆಯೇ ಹಿಂದಿರುಗಿಸತಕ್ಕದ್ದು. ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ನಷ್ಟವಾದರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಆದರೆ ತನ್ನಿಚ್ಛೆಯಂತೆ ಅದನ್ನು ಬಳಸಿ ಲಾಭ ಪಡೆದವನು ದಂಡಕ್ಕೆ ಪಾತ್ರನು. ಪಡೆದ ಲಾಭವನ್ನೂ ಸೇರಿಸಿ ಕೊಡಬೇಕಾದವನು. ಪರರ ಸೊತ್ತನ್ನು ಮುಟ್ಟದೆ ಕಾಯುವುದೇ ಇಲ್ಲಿ ಧರ್ಮ.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ, ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ, ಇದೇ ಬಗೆಯ ಒಂದು ವ್ಯವಹಾರವು ಕಥಾರೂಪವಾಗಿ ಬಂದಿದೆ. ಒಬ್ಬ ಯಜಮಾನನು ದೂರದೇಶಕ್ಕೆ ಹೊರಡುವಾಗ ತನ್ನ ಆಳುಗಳನ್ನು ಕರೆದು, ಅವರವರ ಸಾಮರ್ಥ್ಯವನ್ನು ನೋಡಿ, ಒಬ್ಬನಿಗೆ ಐದು ತಲಾಂತುಗಳನ್ನೂ ಮತ್ತೊಬ್ಬನಿಗೆ ಎರಡನ್ನೂ ಮೂರನೆಯವನಿಗೆ ಒಂದನ್ನೂ ಒಪ್ಪಿಸಿದನು. ಮೊದಲಿನ ಇಬ್ಬರು ಆ ಹಣದಿಂದ ವ್ಯಾಪಾರ ನಡೆಸಿ ಇಮ್ಮಡಿ ಮಾಡಿದರು. ಮೂರನೆಯವನು ನೆಲವನ್ನಗೆದು ಹೂತಿಟ್ಟನು. ಬಹುಕಾಲದ ಮೇಲೆ ಯಜಮಾನನು ಹಿಂದಿರುಗಿ ಲೆಕ್ಕ ಕೇಳಿದಾಗ ಮೂರನೆಯವನು ಹಣವನ್ನು ಕಾಸೂ ಕಡಮೆಯಿಲ್ಲದೆ ತಂದೊಪ್ಪಿಸಿದನು. ಯಜಮಾನನು ಕಠಿಣನೆಂದು ಹೆದರಿ ಹೀಗೆ ಮಾಡಿದೆನೆಂದು ಹೇಳಿಕೊಂಡನು. ಶಿಕ್ಷೆಯಾದುದು ಅವನಿಗೇ.

ಸ್ಮೃತಿಗಳನ್ನೋದಿದವನಿಗೆ ಇಲ್ಲಿ ಆಶ್ಚರ್ಯವಾಗುವುದು ಸಹಜ. ಮೂರನೆಯ ಆಳು ನಿಕ್ಷೇಪಧರ್ಮವನ್ನು ಅಕ್ಷರಶಃ ಪಾಲಿಸಿದವನಲ್ಲವೇ? ಯೆಹೂದ್ಯರ ತಾಲ್ಮುದ್ ಗ್ರಂಥದಲ್ಲಿಯೂ, ಪರರು ಇಟ್ಟ ಹಣವನ್ನು ನೆಲದಲ್ಲಿ ಹೂಳುವುದೇ ಸರಿಯಾದ ಕಾವಲೆಂಬ ಅಭಿಪ್ರಾಯವಿರುವುದು. ಹೀಗಿರಲು ಕಥೆಯ ನ್ಯಾಯವು ಶಾಸ್ತ್ರದ ನ್ಯಾಯಕ್ಕೆ ತಲೆಕೆಳಗಾಗಿ ತೋರುತ್ತದೆ. ಈ ತೊಡಕನ್ನು ಬಿಡಿಸುವ ದಾರಿ ಒಂದೇ. ಯಜಮಾನನು ಕೊಟ್ಟುದು ನಿಕ್ಷೇಪವಾಗಿರಲಿಲ್ಲ, ಮೂಲಧನವಾಗಿದ್ದಿತು. ನಿಕ್ಷೇಪಕ್ಕೆ ಕಾವಲುಗಾರನು ಸಾಕು. ಮೂಲಧನಕ್ಕೆ ಮನೆವಾರ್ತೆಯನ್ನು ಬಲ್ಲ ಪಾರುಪತ್ಯಗಾರನು ಬೇಕು. ಮೂರನೆಯ ಆಳು ಕಳ್ಳನಲ್ಲ. ಕೈಗೆ ಬಂದ ವಸ್ತುವಿನ ಜಾತಿಯನ್ನೇ ಅರಿಯದೆ ಹೋದನು. ಮನುಷ್ಯನ ಆಯುಸ್ಸು, ಬುದ್ಧಿ, ವಿದ್ಯೆ, ಕೈಚಳಕಗಳೆಲ್ಲವೂ ದೇವರು ಕೊಟ್ಟವು, ಅವನಿಗೆ ಲೆಕ್ಕ ಒಪ್ಪಿಸಬೇಕಾದವು ಎಂಬ ಕ್ರೈಸ್ತ ಭಾವನೆಯು ಬಹುಮಟ್ಟಿಗೆ ಈ ಕಥೆಯ ಮೇಲೆಯೇ ನಿಂತಿದೆ.

ತಲಾಂತೆಂಬುದು ನಾಣ್ಯವಲ್ಲ, ತೂಕ. ಗ್ರೀಕರಲ್ಲಿ ತಕ್ಕಡಿಗೂ ತೂಕಕ್ಕೂ ಸಲ್ಲುತ್ತಿದ್ದ ಮಾತು ಬೆಳ್ಳಿಯ ಒಂದು ದೊಡ್ಡ ಪರಿಮಾಣಕ್ಕೆ ಹೆಸರಾಯಿತು. ಒಂದು ತಲಾಂತಿಗೆ 6,000 ದ್ರಾಖ್ಮೆಗಳು. ಅದೇ ಸುವಾರ್ತೆಯ ಬೇರೊಂದು ಕಥೆಯಲ್ಲಿ ದ್ರಾಕ್ಷೆಯ ತೋಟದ ಆಳಿಗೆ ದಿನವೊಂದರ ಕೂಲಿ ಒಂದು ದಿನಾರಿ. ದಿನಾರಿಯ ಬೆಲೆ ಹೆಚ್ಚುಕಡಮೆ ದ್ರಾಖ್ಮೆಯಷ್ಟೆ. ವರ್ಷಕ್ಕೆ 300 ದಿನಗಳ ದುಡಿಮೆಯೆಂದು ಹಿಡಿದರೆ ಒಂದು ತಲಾಂತು ಕೂಲಿಯವನೊಬ್ಬನ 20 ವರ್ಷಗಳ ಸಂಪಾದನೆಯಾಗುವುದು. ಆದುದರಿಂದ ಎಲ್ಲರಿಗಿಂತ ಕಡಮೆ ಪಡೆದವನಿಗೂ ದೊರೆತುದು ಅಲ್ಪವಲ್ಲ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನನು ಹೇಳಿದ ಮೆಚ್ಚುಗೆಯ ಮಾತು ಒಂದೇ ಎಂಬುದೂ ಗಮನಾರ್ಹ. ಇಂಗ್ಲಿಷಿನಲ್ಲಿ ಸಹಜವಾದ ಪ್ರತಿಭೆಗೆ ‘ಟ್ಯಾಲೆಂಟ್’ ಎನ್ನುವ ವಾಡಿಕೆ ಈ ಕಥೆಯಿಂದಲೇ ಹುಟ್ಟಿತು. ಬೆಳ್ಳಿಯ ತೂಕವು ಬುದ್ಧಿಯ ಹೆಸರಾದುದು ಶಬ್ದಾರ್ಥಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಸಂಗತಿ.

ಈ ಭಾವನೆಯನ್ನು ಒಂದೊಂದು ಕಾಲದವರು ಒಂದೊಂದು ಬಗೆಯಾಗಿ ಹಿಡಿದರು. 1652ರ ಹೊತ್ತಿಗೆ ಪೂರ್ಣವಾಗಿ ಕಣ್ಣು ಕಳೆದುಕೊಂಡ ಆಂಗ್ಲಕವಿ ಮಿಲ್ಟನ್ನನು, ಲೆಕ್ಕ ಕೇಳುವ ದಿನ ತನ್ನ ಕವಿತಾಶಕ್ತಿಗೆ ಏನೆಂದು ಉತ್ತರ ಹೇಳಲೆಂದು ಚಿಂತಿಸಿ ಒಂದು ಕಿರುಗವಿತೆಯನ್ನೇ ರಚಿಸಿದನು. ಮುಂದೆ ಅದೇ ಅಂಧನು 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಎಂಬ ಮಹಾಕಾವ್ಯವನ್ನು ಪ್ರಕಟಿಸಿದನು. 1760ರಲ್ಲಿ ಜಾನ್ ವೆಸ್ಲಿಯೆಂಬ ಬೋಧಕನು ಹಣದ ವಿನಿಯೋಗವನ್ನು ಕುರಿತ ಉಪದೇಶವನ್ನು ಅಚ್ಚು ಮಾಡಿಸಿ, ನ್ಯಾಯವಾಗಿ ಗಳಿಸುವುದು, ದುಂದು ಮಾಡದೆ ಉಳಿಸುವುದು, ಉಳಿದುದನ್ನೆಲ್ಲ ಕೊಡುವುದು ಎಂಬ ಮೂರು ಮೆಟ್ಟಿಲುಗಳನ್ನು ಹೇಳಿದನು. ಜರ್ಮನ್ ದೇಶದ ಭಕ್ತಿಪಂಥದವರು ಹಣಕ್ಕಿಂತಲೂ ಕಾಲದ ಲೆಕ್ಕವನ್ನು ಬಿಗಿಯಾಗಿ ಹಿಡಿದರು. ಆ ಭಕ್ತಿಪಂಥದ ನೆಲದಲ್ಲಿ ಬೆಳೆದ ಒಂದು ಸಂಸ್ಥೆಯ ಮೂಲಕವೇ ಈ ವಿಚಾರವು ಕನ್ನಡನಾಡಿನ ಚರಿತ್ರೆಯೊಳಕ್ಕೆ ಬಂದಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯು 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳನ್ನು ಮಂಗಳೂರಿಗೆ ಕಳುಹಿಸಿತು. ಈ ಮಿಶನ್ನಿಗೆ ಸೇರುತ್ತಿದ್ದವರಲ್ಲಿ ವ್ಯುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕಸಬುದಾರರ ಮಕ್ಕಳೇ ಹೆಚ್ಚು. ಅವರಿಗೆ ವಿಧಿಸಿದ ಶಿಸ್ತು ಕಟ್ಟುನಿಟ್ಟಾದುದು. ಯಾರು ಯಾವ ಊರಿನಲ್ಲಿರಬೇಕು, ಯಾವಾಗ ಮದುವೆಯಾಗಬಹುದು ಎಂಬುದನ್ನೂ ಬಾಸೆಲಿನ ಸಮಿತಿಯೇ ತೀರ್ಮಾನಿಸುತ್ತಿತ್ತು. ಮಾಡಿದ ಕೆಲಸದ ವರದಿಯನ್ನು ಪ್ರತಿಯೊಬ್ಬನೂ ನಿಯತಕಾಲಕ್ಕೆ ಬರೆದು ಕಳುಹಿಸಬೇಕಾಗಿದ್ದಿತು. ದೇವರಿಗೆ ಒಪ್ಪಿಸಬೇಕಾದ ಲೆಕ್ಕವು ಹೀಗೆ ಭೂಮಿಯ ಮೇಲೆಯೇ ಒಂದು ಕಚೇರಿಯನ್ನು ಪಡೆಯಿತು.

ಕೈಕಸಬೂ ದೇವರ ಕೊಡುಗೆಯೆಂಬ ನಂಬಿಕೆ ಈ ಮಿಶನ್ನಿನಲ್ಲಿ ಬಲವಾಗಿದ್ದಿತು. ಮತಾಂತರ ಹೊಂದಿದವರು ಜಾತಿಯನ್ನೂ ಅದರೊಡನೆ ಕುಲಕಸಬನ್ನೂ ಕಳೆದುಕೊಳ್ಳುತ್ತಿದ್ದರು. ಸೇಂದಿ ಇಳಿಸುವ ವೃತ್ತಿಯನ್ನು ಮಿಶನ್ನು ತಾನಾಗಿಯೇ ಒಪ್ಪುತ್ತಿರಲಿಲ್ಲ. ಅವರಿಗೆ ಅನ್ನದ ದಾರಿ ತೋರಿಸಲು ನೇಯ್ಗೆಯ ಶಾಲೆಗಳು ಹುಟ್ಟಿದವು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂದಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿಯ ದಡದ ಜೇಡಿಮಣ್ಣು ಮಂಗಳೂರು ಹೆಂಚಾಗಿ ಊರೂರಿನ ಮನೆಗಳ ಮೇಲೇರಿತು. ಇಂತಹ ಕೆಲಸಗಳ ಲಾಭವು ಎಣಿಕೆಗೆ ಸಿಕ್ಕುವಂಥದಾದುದರಿಂದ ಅವುಗಳ ವರದಿ ಬರೆಯುವುದು ಕಷ್ಟವಾಗಿರಲಿಲ್ಲ. ವಿದ್ಯೆಯೆಂಬ ತಲಾಂತಿನ ಲೆಕ್ಕವನ್ನು ಬರೆಯುವುದೇ ಕಷ್ಟ.

ಆ ಕಷ್ಟವನ್ನು ಮೊದಲು ಕಂಡವರು ಹೆರ್ಮನ್ ಮೋಗ್ಲಿಂಗ್. 1811ರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1836ರಲ್ಲಿ ಈ ದೇಶಕ್ಕೆ ಬಂದ ಇವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲನೆಯ ಪತ್ರಿಕೆಯ ಸಂಪಾದಕರಾದರು. ಇವರ ಇನ್ನೊಂದು ಕೆಲಸ ಅದಕ್ಕಿಂತ ಹಿರಿದು. ಆಗ ಕನ್ನಡದ ಹಳೆಯ ಕಾವ್ಯಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಯ ಕಟ್ಟುಗಳಾಗಿ, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿದ್ದವು. ಕಾಸಮೇಜರ್ ಎಂಬ ನಿವೃತ್ತ ಆಂಗ್ಲ ಅಧಿಕಾರಿಯ ಧನಸಹಾಯದಿಂದ ಮೋಗ್ಲಿಂಗರು ಅವುಗಳ ಪ್ರತಿಗಳನ್ನು ಕೂಡಿಸಿ, 1848ರಿಂದ ಮುಂದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ವೈಷ್ಣವ ಕೀರ್ತನೆಗಳನ್ನೂ ಶೈವ ಪುರಾಣಗಳನ್ನೂ ಕ್ರೈಸ್ತ ಪಾದ್ರಿಯೊಬ್ಬನು ಅಚ್ಚು ಮಾಡಿಸಿದುದು ಆ ಕಾಲಕ್ಕೆ ಸಾಮಾನ್ಯವಾದ ಮಾತಲ್ಲ.

ಲೂಕನ ಸುವಾರ್ತೆಯಲ್ಲಿ ಇದೇ ಕಥೆಯು ಸ್ವಲ್ಪ ಮಾರ್ಪಾಟಿನಿಂದ ಬಂದಿದೆ. ಅಲ್ಲಿ ಸೋಮಾರಿಯಾದ ಆಳು ಹಣವನ್ನು ನೆಲದಲ್ಲಿ ಹೂಳುವುದಿಲ್ಲ, ವಸ್ತ್ರದಲ್ಲಿ ಕಟ್ಟಿಡುತ್ತಾನೆ. ವಸ್ತ್ರದಲ್ಲಿ ಕಟ್ಟಿಟ್ಟ ಓಲೆಯ ಕಟ್ಟುಗಳನ್ನು ವರ್ಷಕ್ಕೊಮ್ಮೆ ಸರಸ್ವತೀಪೂಜೆಯ ದಿನ ಇಳಿಸಿ, ಅರಿಸಿನ ಕುಂಕುಮವಿಟ್ಟು, ಮತ್ತೆ ಅಟ್ಟಕ್ಕೇರಿಸುತ್ತಿದ್ದ ಮನೆತನಗಳು ಕನ್ನಡನಾಡಿನಲ್ಲಿ ಸಾಲುಸಾಲಾಗಿದ್ದವು. ಅವರು ಕೆಟ್ಟವರಲ್ಲ, ಭಕ್ತರೇ ಅಹುದು. ಅವರು ಕಾಪಾಡದಿದ್ದರೆ ಅಚ್ಚು ಮಾಡಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲವೆಂಬುದೂ ನಿಜ. ಆದರೆ ಹಿರಿಯರು ಬಿಟ್ಟು ಹೋದುದನ್ನು ಅವರು ನಿಕ್ಷೇಪವೆಂದೇ ಎಣಿಸಿದರು. ಅದನ್ನು ಮೂಲಧನವೆಂದು ಕಂಡವರು ಮೋಗ್ಲಿಂಗರು.

ಈ ದೃಷ್ಟಿಯನ್ನು ಒಂದು ಜೀವಮಾನದ ವ್ರತವನ್ನಾಗಿ ಮಾಡಿಕೊಂಡವರು ಫರ್ಡಿನಂಡ್ ಕಿಟ್ಟೆಲ್. ಇವರು 1832ರ ಏಪ್ರಿಲಿನಲ್ಲಿ ಜರ್ಮನಿಯ ವಾಯವ್ಯಕ್ಕಿರುವ ಪೂರ್ವ ಫ್ರೀಸ್‌ಲೆಂಡ್ ಸೀಮೆಯ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳು ಶಾಲೆಯಲ್ಲಿಯೇ ಕೈವಶವಾದವು. ಬಾಸೆಲಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂಸ್ಥಾನಕ್ಕೆ ಬಂದರು. ಮುಂದೆ ಧಾರವಾಡ, ಮಂಗಳೂರು, ಮಡಿಕೇರಿ, ಕೊಡಗಿನ ಆನಂದಪುರ ಇವು ಅವರ ಕರ್ಮಭೂಮಿಗಳಾದವು.

ಯೆಹೂದ್ಯರಿಗೆ ಯೆಹೂದ್ಯನಂತಾದೆನೆಂದು ಪೌಲನು ತನ್ನ ಪತ್ರದಲ್ಲಿ ಹೇಳಿಕೊಂಡಿರುವನಷ್ಟೆ. ಕಿಟ್ಟೆಲರು ಅದನ್ನು ಅಲಂಕಾರವೆಂದೆಣಿಸದೆ ವಿಧಿಯೆಂದೇ ತಿಳಿದರು. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂದು ಬಯಸಿ, ಬಿಳಿಯ ಪಾದ್ರಿಗಳ ಬಿಡಾರದಿಂದ ದೂರವಾಗಿ ಜನರ ನಡುವೆ ಬಾಳಬೇಕೆಂದು ಹಂಬಲಿಸಿದರು. ಕನ್ನಡದೊಡನೆ ಸಂಸ್ಕೃತವನ್ನೂ ಈ ದೇಶದವರ ಗ್ರಂಥಗಳನ್ನೂ ಅಭ್ಯಾಸ ಮಾಡಿದರು. ಈ ನಡೆಯು ಸಹೋದ್ಯೋಗಿಗಳಿಗೆ ವಿಚಿತ್ರವಾಗಿ ತೋರಿತು, ಹಿರಿಯರಿಗೆ ರುಚಿಸಲಿಲ್ಲ. ಸುವಾರ್ತೆ ಸಾರುವುದಕ್ಕೆಂದು ಕಳುಹಿಸಲ್ಪಟ್ಟವನು ಪಂಡಿತರೊಡನೆ ಕುಳಿತು ಛಂದಸ್ಸಿನ ಗಣಗಳನ್ನು ಎಣಿಸುತ್ತಿದ್ದರೆ ಮಿಶನ್ನಿಗೆ ಬಂದುದೇನು? ಭಕ್ತರು ಪೈಸೆ ಪೈಸೆ ಕೂಡಿಸಿ ಕೊಟ್ಟ ಕಾಣಿಕೆಯಿಂದ ನಡೆಯುವ ಸಂಸ್ಥೆಯಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ ಸರಿ.

ಆ ಪ್ರಶ್ನೆಯನ್ನು ಹಗುರವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಪಾರುಪತ್ಯಗಾರನಲ್ಲಿ ಮೊದಲು ಬೇಕಾದ ಗುಣವು ನಂಬಿಕೆಗೆ ತಕ್ಕವನಾಗಿರುವುದೆಂದು ಅದೇ ಪೌಲನು ಬರೆದಿದ್ದಾನೆ. ಒಬ್ಬನಿಗೆ ಒಂದು ಕೆಲಸ ಒಪ್ಪಿಸಿದಾಗ ಅವನು ತನಗೆ ಪ್ರಿಯವಾದ ಬೇರೊಂದನ್ನು ಮಾಡಿ ಅದನ್ನೇ ದೇವರ ಚಿತ್ತವೆಂದು ಹೇಳಿಕೊಂಡರೆ, ಯಾವ ಸಂಸ್ಥೆಯೂ ನಿಲ್ಲಲಾರದು. ಕಿಟ್ಟೆಲರ ಕೈಯಿಂದ ಎಷ್ಟು ಮಂದಿ ಮತಾಂತರ ಹೊಂದಿದರೆಂಬ ಎಣಿಕೆಯಿಂದ ಅವರ ಹೆಸರು ಉಳಿದಿಲ್ಲ. ಆ ಅಳತೆಗೋಲಿನಿಂದ ನೋಡಿದರೆ ಅವರು ವಿಫಲರು. ಆದರೆ ಕಥೆಯಲ್ಲಿ ಯಜಮಾನನು ಆಳುಗಳಿಗೆ ಹಣವನ್ನು ಹಂಚಿದುದು ಅವರವರ ಸಾಮರ್ಥ್ಯವನ್ನು ನೋಡಿ. ಯಾವ ವ್ಯಾಪಾರ ಮಾಡಬೇಕೆಂದು ಅವನು ವಿಧಿಸಲಿಲ್ಲ. ಭಾಷೆಯ ಶಕ್ತಿಯನ್ನು ಪಡೆದು ಬಂದವನನ್ನು ಬೀದಿಯ ಉಪದೇಶಕ್ಕಷ್ಟೇ ಬಳಸುವುದೂ ತಲಾಂತನ್ನು ಹೂಳುವ ಒಂದು ಬಗೆಯೇ. ವ್ಯತ್ಯಾಸವಿಷ್ಟೆ: ಅಲ್ಲಿ ಗುಂಡಿ ತೋಡುವವನು ಆಳಲ್ಲ, ಅವನ ಮೇಲಿನ ಮೇಸ್ತ್ರಿ.

ಕಿಟ್ಟೆಲರು ಮಿಶನ್ನನ್ನು ಬಿಡಲಿಲ್ಲ. ಪಡೆದ ವಿದ್ಯೆಯನ್ನೂ ಬಿಡಲಿಲ್ಲ. ಎರಡನ್ನೂ ಕೂಡಿಸುವ ದಾರಿಯನ್ನು ಹುಡುಕಿದರು. ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ಯನ್ನು ರಚಿಸಿದರು. ಯಜ್ಞವನ್ನು ಕುರಿತು ಪ್ರಬಂಧವೊಂದನ್ನು ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಪರಿಷ್ಕರಿಸಿ ಪ್ರಕಟಿಸಿದರು. ಛಂದೋಂಬುಧಿಗೆ ಅವರು ಸೇರಿಸಿದ ಕನ್ನಡ ಸಾಹಿತ್ಯಪ್ರಬಂಧವು, 1907ರಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಬರುವುದಕ್ಕೆ ಮೂರು ದಶಕಗಳ ಹಿಂದಿನದು. ಈ ನಡುವೆ ಗೃಹಕೃತ್ಯದಲ್ಲಿಯೂ ದುಃಖ ಬಂದೊದಗಿತು. 1860ರಲ್ಲಿ ಕೈಹಿಡಿದ ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯವರನ್ನು ಮದುವೆಯಾದರು.

ಇವೆಲ್ಲಕ್ಕೂ ಶಿಖರಪ್ರಾಯವಾದುದು ಕನ್ನಡ ಇಂಗ್ಲಿಷ್ ನಿಘಂಟು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಪಾದ್ರಿಯ ಕೋಶವು 1832ರಲ್ಲಿಯೇ, ಎಂದರೆ ಕಿಟ್ಟೆಲರು ಹುಟ್ಟಿದ ವರ್ಷದಲ್ಲಿಯೇ, ಹೊರಬಿದ್ದಿತ್ತು. ಅದನ್ನು 1858ರಲ್ಲಿ ಸ್ಯಾಂಡರ್ಸನ್ನರು ಪರಿಷ್ಕರಿಸಿದ್ದರು. ಹಳಗನ್ನಡವನ್ನೂ ನಡುಗನ್ನಡವನ್ನೂ ಆಡುಮಾತನ್ನೂ ಒಂದೇ ಕಡೆ ಹಿಡಿದಿಡುವ ಕೋಶದ ಕೊರತೆಯು ಹಾಗೆಯೇ ಉಳಿದಿದ್ದಿತು. ಅದೇ ಮಿಶನ್ನಿನ ಗುಂಡರ್ಟರು 1872ರಲ್ಲಿ ಮಲೆಯಾಳ ನಿಘಂಟನ್ನು ಮುಗಿಸಿದರು. ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ ಬಂದಿತು. ಕನ್ನಡದ ಭಾರವು ಕಿಟ್ಟೆಲರ ಪಾಲಿಗೆ ಬಂದಿತು. ಈಗ ಮಿಶನ್ನೇ ಆ ಕೆಲಸವನ್ನು ಒಪ್ಪಿಸಿದುದರಿಂದ ವಿದ್ಯೆಗೂ ವಿಧೇಯತೆಗೂ ಇದ್ದ ವಿರೋಧ ತಕ್ಕಮಟ್ಟಿಗೆ ಶಮನವಾಯಿತೆನ್ನಬಹುದು. 1877ರಲ್ಲಿ ಸ್ವದೇಶಕ್ಕೆ ಹೋದವರು 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಈ ದೇಶಕ್ಕೆ ಬಂದು ಕೆಲಸವನ್ನು ಮುಂದುವರಿಸಿದರು. 1892ರಲ್ಲಿ ಕಡೆಯ ಬಾರಿಗೆ ಕನ್ನಡನಾಡನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕೋಶವು ಪ್ರಕಟವಾಯಿತು. ಕೈಗೊಂಡಂದಿನಿಂದ ಅಚ್ಚಾಗುವವರೆಗೆ ಹಿಡಿದ ಕಾಲ ಸುಮಾರು ಇಪ್ಪತ್ತು ವರ್ಷ. ಒಂದು ತಲಾಂತಿನ ಬೆಲೆಯೂ ಅಷ್ಟೇ ವರ್ಷಗಳ ದುಡಿಮೆಯೆಂದು ಮೇಲೆ ಹೇಳಿದೆ.

ಕೋಶದ ಪುಟಗಳು 1,700ಕ್ಕೂ ಹೆಚ್ಚು. ಶಬ್ದಗಳು ಸುಮಾರು 70,000. ಸಂಖ್ಯೆಗಿಂತ ಅದರ ರೀತಿ ಮುಖ್ಯವಾದುದು. ಶಬ್ದಕ್ಕೆ ಅರ್ಥವನ್ನು ಹೇಳಿ ಕೈತೊಳೆದುಕೊಳ್ಳದೆ, ಅದು ಕಾವ್ಯದಲ್ಲಿ ಹೇಗೆ ಬಂದಿದೆ, ವ್ಯಾಕರಣಕಾರನು ಏನು ಹೇಳಿದನು, ಗಾದೆಯಲ್ಲಿ ಜನರು ಹೇಗೆ ಆಡುತ್ತಾರೆ ಎಂಬುದನ್ನು ಕಿಟ್ಟೆಲರು ಕೊಟ್ಟಿರುವರು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿರುವ ದಾಯಾದಿ ರೂಪಗಳನ್ನು ಪಕ್ಕದಲ್ಲಿ ನಿಲ್ಲಿಸಿರುವರು. ತದ್ಭವಗಳನ್ನು ಗುರುತಿಸಿರುವರು. ಬಳಕೆ ತಪ್ಪಿಹೋಗಿದ್ದ ಱಕಾರ ೞಕಾರಗಳಿಗೆ ತಕ್ಕ ಸ್ಥಾನವನ್ನು ಕೊಟ್ಟಿರುವರು. ಹೊಲಗೆಲಸದವರ ಮತ್ತು ಅಡಿಗೆಮನೆಯ ಮಾತುಗಳೂ ಪಂಪ ನಾಗವರ್ಮರ ಕಾಲದ ಮಾತುಗಳೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಪಂಕ್ತಿಭೇದ ಮಾಡದಿರುವುದು ಕೋಶಕಾರನಿಗೆ ಮೊದಲನೆಯ ಧರ್ಮ.

ಸಂಸ್ಕೃತವನ್ನೋದಿದವರಿಗೆ ಈ ಕೋಶದ ಪೀಠಿಕೆ ಒಂದು ಪರೀಕ್ಷೆಯಾಗಿ ಪರಿಣಮಿಸಿತು. ಕನ್ನಡದ ಶಬ್ದಗಳೆಲ್ಲ ಸಂಸ್ಕೃತದಿಂದ ಇಳಿದುಬಂದವೆಂದು ನಂಬಿದ್ದವರಿಗೆ, ದ್ರಾವಿಡದಿಂದ ಸಂಸ್ಕೃತಕ್ಕೆ ಹೋದುವೆಂದು ತಾವು ಭಾವಿಸಿದ ಶಬ್ದಗಳ ಉದ್ದನೆಯ ಪಟ್ಟಿಯನ್ನೇ ಕಿಟ್ಟೆಲರು ಮುಂದಿಟ್ಟರು. 1872ರಲ್ಲಿಯೇ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಈ ವಿಷಯವನ್ನೆತ್ತಿದ್ದರು. ಆ ಪಟ್ಟಿಯಲ್ಲಿರುವುದೆಲ್ಲವೂ ಸಿದ್ಧವಾದ ಮಾತಲ್ಲ. ಒಂದೊಂದು ಶಬ್ದದ ವಿಷಯದಲ್ಲಿಯೂ ವಾದ ನಡೆಯಬಹುದು. ಆದರೆ ಕನ್ನಡವು ಬರಿಯ ಸಾಲಗಾರನಲ್ಲ, ಕೊಟ್ಟವನೂ ಅಹುದೆಂಬ ವಿಚಾರವು ಆಗಿನ ವಿದ್ವಾಂಸರಿಗೆ ಎದೆಗೊಟ್ಟು ಯೋಚಿಸಬೇಕಾದುದಾಗಿದ್ದಿತು. ಕನ್ನಡಿಗನಾಗಬಯಸಿದ ವಿದೇಶೀಯನು ಕನ್ನಡಕ್ಕೆ ಅದರ ಸ್ವಂತ ಆಸ್ತಿಯ ಪತ್ರವನ್ನು ಬರೆದುಕೊಟ್ಟಂತಾಯಿತು.

ಕಿಟ್ಟೆಲರ ಉದ್ದೇಶವನ್ನು ಮುಚ್ಚಿಟ್ಟು ಹೊಗಳುವುದು ಸತ್ಯವಲ್ಲ. ಅವರು ತಮ್ಮ ಮತವನ್ನು ಹರಡಬೇಕೆಂದೇ ಬಂದವರು. ನಮ್ಮವರ ಗ್ರಂಥಗಳನ್ನು ಓದಿದುದೂ ಆ ದಾರಿಯನ್ನು ಹಸನು ಮಾಡುವುದಕ್ಕಾಗಿಯೇ. 1876ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಅವರು ಬರೆದ ಗ್ರಂಥದ ನಿರ್ಣಯಗಳನ್ನೆಲ್ಲ ಇಲ್ಲಿಯ ಶೈವರು ಒಪ್ಪಬೇಕಾಗಿಲ್ಲ. ಆದರೂ ನಿಘಂಟಿನ ಪುಟಗಳಲ್ಲಿ ಮತಪಕ್ಷಪಾತವು ಶಬ್ದದ ನಿಜಾರ್ಥವನ್ನು ಕೆಡಿಸದಂತೆ ಅವರು ನೋಡಿಕೊಂಡರು. ವಚನಕಾರನ ಮಾತಿಗೂ ದಾಸರ ಮಾತಿಗೂ ಸಲ್ಲಬೇಕಾದ ಅರ್ಥವನ್ನೇ ಸಲ್ಲಿಸಿದರು. ತನ್ನದಲ್ಲದ ಹಣವನ್ನು ಎಣಿಸುವಾಗ ಕೈ ಶುದ್ಧವಾಗಿರಬೇಕೆಂಬ ಪಾರುಪತ್ಯಗಾರನ ನಿಯಮವನ್ನು ಅವರು ಶಬ್ದಗಳ ವಿಷಯದಲ್ಲಿ ಪಾಲಿಸಿದರು. ಈ ಕಾರಣದಿಂದಲೇ ಅವರ ಮತವನ್ನು ಒಪ್ಪದವರಿಗೂ ಅವರ ಕೋಶವು ಪ್ರಮಾಣವಾಯಿತು.

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಕೋಶದಿಂದ ಬಿಡುವಾದ ಮೇಲೂ ಅವರು ವಿಶ್ರಮಿಸಲಿಲ್ಲ. ಹಳೆಯ, ನಡುವಣ, ಹೊಸ ಕನ್ನಡಗಳನ್ನು ಮೂರನ್ನೂ ಒಳಗೊಂಡ ಅವರ ಕನ್ನಡ ವ್ಯಾಕರಣವು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ದೇಹ ಬಿಟ್ಟರು.

ಲೆಕ್ಕವು ಅಲ್ಲಿಗೆ ಮುಗಿಯಲಿಲ್ಲ. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಆಂಗ್ಲ ಸರ್ಕಾರವು ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟಿತು. ಮಿಶನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಅದರ ಕೈತಪ್ಪಿ ಬೇರೆಯವರ ಆಡಳಿತಕ್ಕೆ ಹೋದವು. ವರದಿಗಳಲ್ಲಿ ಸುಲಭವಾಗಿ ಎಣಿಸಲಾಗುತ್ತಿದ್ದ ಲಾಭವೇ ಮೊದಲು ಕೈಬಿಟ್ಟುಹೋಯಿತು. ಎಣಿಸಲು ಬಾರದ ಕೋಶವು ಉಳಿಯಿತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಹಿಗ್ಗಿಸಲು, ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕಿಟ್ಟೆಲರ ಕೋಶದಲ್ಲಿ ಕೊರತೆಗಳಿಲ್ಲವೆಂದಲ್ಲ. ಕವಿರಾಜಮಾರ್ಗವೂ ಪಂಪಭಾರತವೂ ಮೊದಲು ಅಚ್ಚಾದುದು 1898ರಲ್ಲಿ, ಕೋಶವು ಬಂದ ನಾಲ್ಕು ವರ್ಷಗಳ ಮೇಲೆ. ಅವುಗಳಂತೆ ಅನಂತರ ಬೆಳಕಿಗೆ ಬಂದ ಗ್ರಂಥಗಳ ಶಬ್ದಸಂಪತ್ತೆಲ್ಲ ಅವರಿಗೆ ದೊರೆಯುವಂತಿರಲಿಲ್ಲ. ಆ ಭಾರವನ್ನು ಕನ್ನಡ ಸಾಹಿತ್ಯ ಪರಿಷತ್ತಿನ ವಿದ್ವಾಂಸರು ಹೊತ್ತರು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆಯ್ದು, ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ಅವರ ಬೃಹತ್ಕೋಶವು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪೂರ್ಣವಾಯಿತು. ಪಾದ್ರಿಯೊಬ್ಬನ ಕೈಯಲ್ಲಿ ಮೊದಲಾದ ಹಣವು ಹೀಗೆ ಬೇರೆ ಕೈಗಳಲ್ಲಿ ಬೆಳೆಯಿತು.

ಈ ಚರಿತ್ರೆಯಿಂದ ಎರಡು ಸಂಗತಿಗಳು ವಿಶದವಾಗುವುವು. ಮೊದಲನೆಯದು, ದೇವದತ್ತವಾದ ಶಕ್ತಿಯ ಲಾಭವು ಅದನ್ನು ದುಡಿಸಿದವನಿಗೆ ಸೇರುವುದಿಲ್ಲ. ಕಿಟ್ಟೆಲರು ಹಾರೈಸಿದ ಫಲವೊಂದು, ಬಂದ ಫಲವೊಂದು. ಸುವಾರ್ತೆಗೆ ದಾರಿಯಾಗಲೆಂದು ಹೊರಟ ಶ್ರಮವು ಕನ್ನಡಿಗರೆಲ್ಲರ ಸೊತ್ತಾಯಿತು. ಕಥೆಯಲ್ಲಿಯೂ ಆಳುಗಳು ಮೂಲಧನವನ್ನಲ್ಲದೆ ಗಳಿಸಿದುದನ್ನೂ ಯಜಮಾನನ ಮುಂದೆ ತಂದಿಟ್ಟರಷ್ಟೆ. ಫಲದಲ್ಲಿ ಅಧಿಕಾರವಿಲ್ಲದೆ ಕರ್ಮ ಮಾಡಬೇಕೆಂಬ ಗೀತೋಪದೇಶವನ್ನು ಬಲ್ಲವರಿಗೆ ಈ ಮಾತು ಪರಕೀಯವೆನಿಸದು. ಆದರೆ ಒಂದು ಭೇದವುಂಟು. ಗೀತೆಯು ಫಲದ ಆಸೆಯನ್ನು ಬಿಡೆಂದು ಹೇಳುವುದು. ಸುವಾರ್ತೆಯ ಕಥೆಯು ಫಲದ ಲೆಕ್ಕವನ್ನು ಕೊಡೆಂದು ಕೇಳುವುದು. ಆಸೆಯನ್ನು ಬಿಟ್ಟೂ ಲೆಕ್ಕವನ್ನು ಬಿಡದೆ ನಡೆಯುವುದು ಸುಲಭವಲ್ಲ.

ಎರಡನೆಯದು, ಮೂರನೆಯ ಆಳನ್ನು ಕೆಡಿಸಿದುದು ದುರಾಸೆಯಲ್ಲ, ಭಯ. ತಪ್ಪಾದೀತೆಂಬ ಭಯ, ನಷ್ಟವಾದೀತೆಂಬ ಭಯ, ಮೇಲಿನವರು ಏನೆನ್ನುವರೋ ಎಂಬ ಭಯ. ಕಿಟ್ಟೆಲರ ಮುಂದೆ ಈ ಮೂರು ಭಯಗಳೂ ಇದ್ದವು. ಜೊತೆಗಾರರ ಸಂಶಯದ ನಡುವೆ, ಮುಗಿದೀತೆಂಬ ಭರವಸೆಯಿಲ್ಲದ ಕೆಲಸಕ್ಕೆ ಅವರು ಆಯುಸ್ಸಿನ ಒಳ್ಳೆಯ ಭಾಗವನ್ನೇ ಹೂಡಿದರು. ಹೂಡಿದ ಹಣವು ಮುಳುಗಲೂಬಹುದಾಗಿದ್ದಿತು. ಹೂತ ಹಣಕ್ಕೆ ಆ ಅಪಾಯವಿರಲಿಲ್ಲ.

ವಿದ್ಯಾವಂತರ ಮನೆಗಳಲ್ಲಿ ಇಂದಿಗೂ ಅಜ್ಜಂದಿರ ಕಾಲದ ಓಲೆಯ ಕಟ್ಟುಗಳು, ಕೈಬರಹದ ಕಡತಗಳು, ವೈದ್ಯದ ಚೀಟಿಗಳು, ಮುದುಕಿಯರ ಬಾಯಲ್ಲಿ ಮಾತ್ರ ಉಳಿದಿರುವ ಹಾಡುಗಳು ಇಲ್ಲದಿಲ್ಲ. ಅವುಗಳನ್ನು ಗೌರವದಿಂದ ಕಾಪಾಡುವವರು ಮಾಡುತ್ತಿರುವುದು ಒಳ್ಳೆಯ ಕೆಲಸವೇ. ಆದರೆ ಗೆದ್ದಲಿಗೆ ಗೌರವವು ತಿಳಿಯದು. ಮುದುಕಿಯರ ಆಯುಸ್ಸಿಗೂ ಮಿತಿಯುಂಟು. ಕಟ್ಟನ್ನು ಬಿಚ್ಚಿ, ಓದಬಲ್ಲವರಿಗೆ ತೋರಿಸಿ, ಪ್ರತಿ ಮಾಡಿಸಿಕೊಂಡು, ಮೂಲವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹಾಡು ಬಲ್ಲವರ ಬಳಿ ಕುಳಿತು ಬರೆದುಕೊಳ್ಳುವುದಕ್ಕೆ ಬೇಕಾದುದು ಒಂದು ಲೇಖನಿ, ಒಂದಿಷ್ಟು ಬಿಡುವು. ಹಿರಿಯರು ಬಿಟ್ಟುಹೋದುದನ್ನು ಇಟ್ಟ ಹಾಗೆಯೇ ಒಪ್ಪಿಸಿದರೆ ಶಾಸ್ತ್ರದ ಪ್ರಕಾರ ತಪ್ಪಿಲ್ಲ. ಆದರೆ ಅವರು ಬಿಟ್ಟುಹೋದುದು ನಿಕ್ಷೇಪವಾಗಿದ್ದಿತೋ ಮೂಲಧನವಾಗಿದ್ದಿತೋ ಎಂಬುದನ್ನು ಪ್ರತಿಯೊಂದು ಮನೆಯವರೂ ತಮ್ಮೊಳಗೆ ನಿಶ್ಚಯಿಸಿಕೊಳ್ಳಬೇಕಾಗಿದೆ.